ಏಳನೆಯ ಪತ್ರ ಯಾರದು

ಮನೆ, ಮಹಡಿಯ ಕೋಣೆ
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ, ಅಮ್ಮನ ಕಣ್ಮಣಿಯೇ,

ಈ ಮನೆತನದ ಚರಿತ್ರೆಯಲ್ಲಿ ಸುವರ್ಣಾಕ್ಷರಗಳಲ್ಲಿ ಬರೆದಿಡಬೇಕಾದ ಘಟನೆಯೊಂದು ಕಳೆದ ಗುರುವಾರ ನಡೆಯಿತು: ಅಮ್ಮನ ಇಮೇಲ್ ಪೆಟ್ಟಿಗೆಯಿಂದ ನಾನು ಒಂದು ಹಾಸಿಗೆಯ ಜಾಹೀರಾತನ್ನು ಅಳಿಸಿದೆ. ಅದರ ಭೀಕರ ಪರಿಣಾಮಗಳಿಗೆ ಬರುವ ಮೊದಲು ಕೇಳಬೇಕಾದ್ದನ್ನು ಕೇಳಿಬಿಡುತ್ತೇನೆ. ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ನಿಂತು ನಿಂತು ಬಂದ ಸೊಂಟನೋವು ಇಳಿಯಿತೇ? ಅಮ್ಮನ ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿದೆ. ತಿಂಗಳು ಪೂರ್ತಿ ಒಂದಕ್ಷರ ಓದಬಾರದು ಎಂದು ಡಾಕ್ಟರ ಕಟ್ಟಪ್ಪಣೆ.

ಹಾಗಾಗಿ, ಗುಂಡಿ ಒತ್ತಿದರೆ ಪತ್ರ ಓದಿ ಹೇಳುವ ಪ್ರೋಗ್ರಾಂ ಒಂದನ್ನು ನಾನೇ ಬರೆದುಕೊಟ್ಟೆ. ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕುವವಳು ನಾನು, ದಿಂಬು ಸರಿಪಡಿಸುವವಳು ನಾನು. ಅದರ ದೊಡ್ಡ ಗುಂಡಿ ಒತ್ತಿದರೆ ಮಾತ್ರ ಅಮ್ಮನಿಗೆ ನಿನ್ನ ಪತ್ರವೇ ಕೇಳಬೇಕಂತೆ. ನಾಲ್ಕು ತಿಂಗಳಿಗೊಮ್ಮೆ ನೀನು ಬರೆಯುವ ಎಂಟು ಸಾಲು, ಅದರಲ್ಲಿ ಮೂರು ಸಾಲು ಮೀನಿನ ವಿಷಯ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಆ ಮೀನುಗಳು ನಮ್ಮ ಹಜಾರದಲ್ಲಿ ಈಜಾಡುತ್ತಿದ್ದವು. ಪ್ರತಿ ಪತ್ರಕ್ಕೂ ಪೆಟ್ಟಿಗೆಗೆ ಬಂದ ಕೂಡಲೇ ಒಂದು ಕಾಯಂ ಸಂಖ್ಯೆ ಸಿಗುತ್ತದೆ. ಪತ್ರವನ್ನು ಅಳಿಸಿದರೂ ಆ ಸಂಖ್ಯೆ ಇನ್ನೊಂದಕ್ಕೆ ಹೋಗುವುದಿಲ್ಲ. ಪೆಟ್ಟಿಗೆಯನ್ನೇ ಹೊಸದಾಗಿ ಕಟ್ಟಿದರೆ ಮಾತ್ರ ಹಳೆಯವು ರದ್ದು. ಪತ್ರವನ್ನು ಗುರುತಿಸಬೇಕಾದ್ದು ಇದರಿಂದ, ಸಾಲಿನಲ್ಲಿ ಎಷ್ಟನೆಯದು ಎಂಬುದರಿಂದಲ್ಲ. ಕಚೇರಿಗೆ ಹೊಸದಾಗಿ ಸೇರಿದವರಿಗೆ ಇದನ್ನು ಬೈದು ಕಲಿಸುವವಳೇ ನಾನು. ಆದರೆ ನಿನಗೆ ಕಾಯಂ ಸ್ಥಾನ ಕೊಡಲು ಹೊಟ್ಟೆಕಿಚ್ಚು ಬಿಡಲಿಲ್ಲ, ತಮ್ಮಾ. ನೀನು ಸಾಲಿನಲ್ಲಿ ಏಳನೆಯವನಾಗಿದ್ದೆ. ಆ ಗುಂಡಿಗೆ ಬರೀ ‘೭’ ಎಂದು ಬರೆದು ಕೈತೊಳೆದುಕೊಂಡೆ.

ಮೂರನೆಯ ಜಾಗದಲ್ಲಿದ್ದ ಹಾಸಿಗೆ ಹೋಯಿತು. ಹಿಂದಿದ್ದವರೆಲ್ಲ ಒಂದೊಂದು ಜಾಗ ಮುಂದೆ ಸರಿದರು. ಎಂಟನೆಯದು ಬಂದು ನಿನ್ನ ಕುರ್ಚಿಯಲ್ಲಿ ಕೂತಿತು. ಆ ಎಂಟನೆಯದು ನನ್ನದು. ಪ್ರೋಗ್ರಾಂ ಪರೀಕ್ಷಿಸಲು ಕಚೇರಿಯಿಂದ ಕಳಿಸಿದ್ದೆ. ಏನು ಬರೆಯಬೇಕೆಂದು ತೋಚದೆ ನಿಜವನ್ನೇ ಬರೆದುಬಿಟ್ಟಿದ್ದೆ. ಬೆಳಿಗ್ಗೆ ಎಚ್ಚರವಾದರೂ ಕಣ್ಣು ಬಿಡುವುದಿಲ್ಲ ಅಮ್ಮಾ, ನೀನು ಇಳಿಯುವಾಗ ಕೊನೆಯ ಮೆಟ್ಟಿಲು ಕಿರ್ರೆನ್ನುವವರೆಗೆ ಕಾಯುತ್ತೇನೆ, ಅದು ಕೇಳಿದ ಮೇಲೇ ನನಗೆ ಬೆಳಗಾಗುವುದು, ಎಂದು.

ಅಂದು ಸಂಜೆ ನಾನು ಹನಿಯ ಬಾಟಲಿ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಅಮ್ಮ ಗುಂಡಿ ಒತ್ತಿದಳು, ಕೇಳಿದಳು, ಸೆರಗಿನಿಂದ ಮೂಗೊರೆಸಿಕೊಂಡಳು. ‘ಕೇಳಿದ್ಯೇನೇ? ಅಷ್ಟು ದೂರ ಇದ್ರೂ ಮೆಟ್ಟಿಲ ಸದ್ದು ಅವನ ಕಿವೀಲೇ ಇದೆ. ನೀನೂ ಇದ್ದೀಯ, ಒಂದೇ ಮನೇಲಿ.’ ಮರುದಿನ ಪಕ್ಕದ ಮನೆಯ ದರ್ಜಿ ಅತ್ತೆಯನ್ನು ಕರೆದು ಕೇಳಿಸಿದಳು. ‘ಹೆತ್ರೆ ಇಂಥ ಮಗನ್ನ ಹೆರಬೇಕು ಕಣ್ರೀ’ ಎಂದು ಆಕೆ ನನ್ನನ್ನೇ ನೋಡುತ್ತ ಹೇಳಿದರು. ನಿನ್ನ ಮೇಲೆ ಹೊಟ್ಟೆಕಿಚ್ಚು ಹಳೆಯದು, ಅಭ್ಯಾಸವಾಗಿದೆ. ನನ್ನದೇ ಪತ್ರದ ಮೇಲೆ ಹೊಟ್ಟೆ ಉರಿದದ್ದು ಇದೇ ಮೊದಲು.

ನಿನ್ನೆ ಎಲ್ಲ ಸರಿಪಡಿಸಿದೆ. ದೊಡ್ಡ ಗುಂಡಿಗೆ ಅಮ್ಮ ಬಯಸುವ ಮೆಟ್ಟಿಲಿನ ಪತ್ರದ ಕಾಯಂ ಸಂಖ್ಯೆಯನ್ನೇ ಹಾಕಿ, ಓದುವ ಮೊದಲು ಬರೆದವರು ಯಾರೆಂದು ಹೇಳುವಂತೆಯೂ ಮಾಡಿದೆ. ಯಂತ್ರ ಸ್ಪಷ್ಟವಾಗಿ ‘ಬರೆದವರು, ಮಗಳು’ ಎಂದಿತು. ಅಮ್ಮ, ‘ನಿನ್ನ ಯಂತ್ರ ಕೆಟ್ಟಿದೆ ಕಣೇ, ರಿಪೇರಿ ಮಾಡು. ನೀನೆಲ್ಲಿ ಹೀಗೆಲ್ಲ ಮಾತಾಡ್ತೀಯ’ ಎಂದಳು. ನಾನು ಹನಿ ಹಾಕಿದೆ. ಒಂದು ಹನಿ ಅವಳ ಕೆನ್ನೆಗೆ ಬಿತ್ತು.

ಅದಕ್ಕೇ ಇದನ್ನು ಕಾಗದದಲ್ಲಿ ಬರೆಯುತ್ತಿದ್ದೇನೆ. ಈ ಕೋಳಿಕಾಲಿನ ಅಕ್ಷರವನ್ನಾದರೂ ಯಾರೂ ನಿನ್ನದೆನ್ನಲಾರರು. ಅಮ್ಮನ ಆಶೀರ್ವಾದ ಎಂದಿನಂತೆ ಪೂರ್ತಿ ನಿನಗೇ. ನನ್ನ ಪಾಲನ್ನೂ ಸೇರಿಸಿ ಕಳಿಸಿದ್ದೇನೆ. ಸೊಂಟ ಬೆಚ್ಚಗಿಟ್ಟುಕೋ.

ಇಂತಿ ಎಂಟನೆಯವಳು,
ನಿನ್ನ ಅಕ್ಕ

ಮರೆತಿದ್ದೆ: ಮುಂದಿನ ಬಂದರಿನಿಂದ ಫೋನ್ ಮಾಡಿದಾಗ ‘ಆ ಮೆಟ್ಟಿಲಿನ ಪತ್ರ ನಂದಲ್ಲಮ್ಮ’ ಎಂದು ಒಂದೇ ಒಂದು ಮಾತು ಹೇಳಿಬಿಡು. ಆಮೇಲೆ ಮೀನಿನ ವಿಷಯ ಎಷ್ಟು ಹೊತ್ತು ಬೇಕಾದರೂ ಮಾತಾಡಿಕೋ. ನಾನು ಹೇಳಿಕೊಟ್ಟೆ ಎಂದು ಮಾತ್ರ ಹೇಳಬೇಡ.