ಎತ್ತಿದವಳ ಹೆಸರು

ನುಮೇರಿಯಸ್ ಅವರಿಗೆ ನಿಮ್ಮ ಹೆಂಡತಿ ವೆಟ್ಟಿಯಾಳ ವಂದನೆ.

ಸೂಲಗಿತ್ತಿ ಕೂಸನ್ನು ನಿಮ್ಮ ಪಾದದ ಬಳಿ ನೆಲಕ್ಕಿಟ್ಟಾಗ ನೀವು ನಿಮ್ಮದೆಂದು ಒಪ್ಪಿ ಎತ್ತಿಕೊಳ್ಳಲಿಲ್ಲ. "ಸೊಟ್ಟ ಕಾಲಿನ ಹೆಣ್ಣು, ಊರಾಚೆ ಬಿಟ್ಟು ಬಾ" ಅಂದಿರಿ. ನಾನೇ ಹಾಸಿಗೆಯಿಂದ ಎದ್ದು ಎತ್ತಿಕೊಂಡೆ. ಈಗ ಇಬ್ಬರೂ ಸೂಲಗಿತ್ತಿಯ ಮನೆಯಲ್ಲಿದ್ದೇವೆ.

ನಿನ್ನೆ ಎಂಟನೆಯ ದಿನ, ಲುಸ್ತ್ರಿಕುಸ್. ಶುದ್ಧಿಯ ನೀರೆರೆದು ಹೆಸರಿಟ್ಟೆವು. "ಅಪ್ಪ ಎತ್ತದ ಮಗುವಿಗೆ ಯಾರ ಕುಲದ ಹೆಸರೇ?" ಅಂತ ಪಕ್ಕದ ಮನೆಯವಳು ಕುಟುಕಿದಳು. "ಎತ್ತಿದವಳದ್ದು" ಅಂದೆ. ಮಗಳೂ ವೆಟ್ಟಿಯಾ.

ಅಮ್ಮ ನನಗೆ ಕಟ್ಟಿದ್ದ ಬೆಳ್ಳಿಚಂದ್ರನ ತಾಯಿತ, ಆ ಲೂನುಲಾ, ನನ್ನ ಪೆಟ್ಟಿಗೆಯಲ್ಲಿದೆ. ಅದನ್ನೂ ನನ್ನ ಮಗ್ಗವನ್ನೂ ಆಳಿನ ಕೈಲಿ ಕಳಿಸಿ. ನೀವು ಬರಬೇಡಿ. ಬಾಣಂತಿಯ ಮನೆಗೆ ಕಾಡುದೇವರು ನುಗ್ಗದಿರಲೆಂದು ಹೊಸ್ತಿಲಲ್ಲಿ ಕೊಡಲಿ, ಒನಕೆ, ಪೊರಕೆ ಇಟ್ಟಿದ್ದೇವೆ. ಮನುಷ್ಯರು ನುಗ್ಗಿದರೂ ಅವು ಕೆಲಸಕ್ಕೆ ಬರುತ್ತವೆ.

ಇಂತಿ,
ದೊಡ್ಡ ವೆಟ್ಟಿಯಾ