ಕೊಡದ ಮುಡಿ

ಡೊಂಬಿವಲಿ ಪೂರ್ವ
17-2-1997

ಅಮ್ಮನಿಗೆ ದಮಯಂತಿಯ ನಮಸ್ಕಾರ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆಯಲು ಈ ಸಲ ಮನಸ್ಸಿಲ್ಲ. ನನಗೆ ನಿನ್ನ ಮೇಲೆ ವಿಪರೀತ ಸಿಟ್ಟು ಬಂದಿದೆ.

ನಿನ್ನೆ ಯತಿನ್ ಅವರ ತಾಯಿ ಲೋಕನಾಥ ಮಾವನ ಮನೆಗೆ ಬಂದಿದ್ದರು. ಚಹಾ ಕುಡಿದವರೇ ಎಲ್ಲರೆದುರು ನನ್ನ ತಲೆಯ ಮೇಲಿನ ದುಪಟ್ಟಾ ಸರಿಸಿ ನೆತ್ತಿ ಮುಟ್ಟಿ ನೋಡಿದರು. ನಿಶ್ಚಿತಾರ್ಥವಾಗಿ ಹದಿನಾಲ್ಕು ತಿಂಗಳಾಯಿತು, ಕೂದಲು ಇನ್ನೂ ಬೆಳೆದಿಲ್ಲವಲ್ಲ ಎಂದರು. ಆಮೇಲೆ ಅವರೇ, ಹರಕೆಯಲ್ಲಿ ಏನೋ ಲೋಪ ಆದ ಹಾಗೆ ಉಂಟು, ಮದುವೆಗೆ ಮುಂಚೆ ತಿರುಪತಿಗೆ ಹೋಗಿ ಇನ್ನೊಮ್ಮೆ ಮುಡಿ ಕೊಟ್ಟು ಬರುವ, ನಾನೂ ಬರ್ತೇನೆ ಎಂದರು. ಮಾವ ತಲೆಯಾಡಿಸಿದರು.

ಯಾವ ಹರಕೆ ಅಮ್ಮ? ಅಪ್ಪನ ಆಪರೇಷನ್ನಿಗೆ ನಾನು ಮುಡಿ ಕೊಟ್ಟೆ ಎಂದು ಅವರಿಗೆ ಹೇಳಿದವಳು ನೀನು. ನಾನು ತಿರುಪತಿಯ ಮೆಟ್ಟಿಲನ್ನೇ ನೋಡಿಲ್ಲ. ನೆತ್ತಿ ಕಾಣುವ ನನ್ನ ತೆಳು ಕೂದಲು ನೋಡಿದರೆ ಹುಡುಗ ಕೈತಪ್ಪುತ್ತಾನೆ ಎಂದು ಹೆದರಿ, ಅವರು ನೋಡಲು ಬರುವ ಮುಂಚೆ ನನ್ನ ಕೂದಲನ್ನು ಬುಡಕ್ಕೆ ಕತ್ತರಿಸಿ, ದೇವರ ಹೆಸರು ಹೇಳಿಬಿಟ್ಟೆ. ಬಾಯಿ ಮುಚ್ಚಿ ಕುಳಿತದ್ದು ನನ್ನ ತಪ್ಪು. ಈಗ ಯತಿನ್ ಅವರ ತಾಯಿ ಹೋದಲ್ಲೆಲ್ಲ, ಅಪ್ಪನಿಗಾಗಿ ಕೂದಲು ಕೊಟ್ಟ ಮಗಳು ಎಂದು ನನ್ನನ್ನು ಹೊಗಳುತ್ತಾರೆ. ಕೇಳುವಾಗ ಮೈ ಉರಿಯುತ್ತದೆ.

ಇಲ್ಲಿಯ ಡಾಕ್ಟರು ಕೇಳಿದ್ದು ಒಂದೇ, ಮನೆಯಲ್ಲಿ ಇನ್ನು ಯಾರಿಗೆ ಹೀಗಿದೆ ಎಂದು. ಅಜ್ಜಿಗೆ ನಲವತ್ತಕ್ಕೇ ನೆತ್ತಿ ಕಾಣುತ್ತಿತ್ತು. ನಿನ್ನ ತುರುಬಿನೊಳಗೆ ಚೌರಿ ಇರುವುದು ಅಪ್ಪನಿಗೂ ಗೊತ್ತಿಲ್ಲ. ಇದು ವಂಶದಲ್ಲೇ ಬಂದದ್ದು, ಎಣ್ಣೆಗೆ ಬಗ್ಗುವುದಿಲ್ಲ ಎಂದರು ಡಾಕ್ಟರು. ನೀನು ಕಳಿಸಿದ ಎಣ್ಣೆ ತಿಕ್ಕಿಕೊಂಡು ಎರಡು ವರ್ಷ ಎಂಐಡಿಸಿಯ ಕಾರ್ಖಾನೆಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋದೆ, ಪಕ್ಕದವರು ಮೂಗು ಮುಚ್ಚಿಕೊಂಡದ್ದು ಸಾಕು.

ನಿನ್ನೆ ಸಂಜೆ ಮಾವ ನಿನಗೆ ಫೋನ್ ಮಾಡಿದಾಗ, ಹೇಗೂ ಇರುವುದು ಸ್ವಲ್ಪವೇ ಅಲ್ವಾ, ಬೋಳಿಸಿಕೊಂಡು ಬರಲಿ ಎಂದೆಯಂತೆ. ಆ ಸ್ವಲ್ಪ ನನ್ನದು ಅಮ್ಮ. ಅದನ್ನು ನಿನ್ನ ಸುಳ್ಳಿಗೆ ಕೊಡುವುದಿಲ್ಲ.

ಸಂಬಂಧ ಮುರಿದರೆ ಮುರಿಯಲಿ ಎಂದು ಬರೆಯಬೇಕೆಂದಿದ್ದೆ. ಬರೆಯಲಾರೆ. ಯತಿನ್ ನನಗೆ ಇಷ್ಟ. ಅದಕ್ಕೇ ಇಷ್ಟು ಸಿಟ್ಟು.

ನಿನ್ನ ಮಗಳು
ದಮಯಂತಿ

ವಿ.ಸೂ.: ಯತಿನ್ ನಾಳೆ ಊರಿನ ಬಸ್ಸಿಗೆ ಹೊರಟಿದ್ದಾರೆ. ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆಗೆ ಅಂಟು ಹಚ್ಚಿಲ್ಲ, ದಾರಿಯಲ್ಲಿ ಓದಿ ಎಂದು ಹೇಳಿಯೇ ಕೊಡುತ್ತೇನೆ. ಅವರು ಇದನ್ನು ನಿನ್ನ ಕೈಗೆ ತಂದುಕೊಟ್ಟರೆ, ಒಳಗೆ ಕರೆದು ಊಟಕ್ಕೆ ಬಡಿಸು.