ಟ್ಯಾಂಕರ್ ಶನಿವಾರ ಬರಲಿ

ಬರ ನಿಗಾ ಸಮಿತಿಯ ಘನ ಅಧ್ಯಕ್ಷರ ಸನ್ನಿಧಾನಕ್ಕೆ,

ಈಜುಕೊಳದ ಮೇಷ್ಟರ ಏಕಮಾತ್ರ ಪುತ್ರಿ, ಕೊಳಕ್ಕೆ ರಬ್ಬರ್ ಮೊಸಳೆ ಬಿಟ್ಟು ತಮ್ಮ ಸೊಸೆಯವರನ್ನು ಕಿರುಚಿಸಿದ ಖ್ಯಾತಿಯವಳು, ತಲೆಬಾಗಿ ಮಾಡಿಕೊಳ್ಳುವ ಅರಿಕೆ.

ಸುತ್ತಲಿನ ಊರುಗಳ ಕೆರೆಗಳನ್ನೆಲ್ಲ ಅಳೆದು ನೋಡಿ ತಾವು ಹೊರಡಿಸಿದ ಆದೇಶ ತಲುಪಿದೆ. ಗುರುವಾರ ಟ್ಯಾಂಕರ್ ಬಂದು ಕೊಳದ ನೀರನ್ನು ರಸ್ತೆಬದಿಯ ಮರಗಳಿಗೆ ಒಯ್ಯುತ್ತದಂತೆ. ನನ್ನ ತಕರಾರಿಲ್ಲ; ಆ ಮರಗಳು ನನಗಿಂತ ಮರ್ಯಾದಸ್ಥರು. ಕೊಳ ಬರಿದಾದ ಮರುದಿನವೇ ಅಪ್ಪ ತಮ್ಮ ಸಮಿತಿಗಾಗಿ ಊರೂರಿನ ಬಾವಿ ಅಳೆಯಲು ಹೊರಡುತ್ತಾರೆ.

ವಿಷಯ ಇಷ್ಟೇ. ಊರಿನ ಅರ್ಧ ಜನಕ್ಕೆ ಈಜು ಕಲಿಸಿದವರ ಮಗಳಿಗೆ ಈಜು ಬರುವುದಿಲ್ಲ. "ಬಾರೇ ಕೋತಿ, ನೀರೇನು ಕಚ್ಚಲ್ಲ" ಎಂದು ಅಪ್ಪ ಕರೆದಾಗಲೆಲ್ಲ, "ನಾಳೆ ಬರ್ತೀನಪ್ಪ, ನಿಮ್ಮ ಕೊಳ ಎಲ್ಲಿಗೆ ಹೋಗುತ್ತೆ?" ಎಂದು ನಾನು ಓಟ ಕೀಳುತ್ತಿದ್ದೆ. ಈಚೆಗೆ ಅವರು ಕರೆಯುವುದನ್ನೇ ಬಿಟ್ಟಿದ್ದಾರೆ. ನಿನ್ನೆ ಒಬ್ಬರೇ ಮೆಟ್ಟಿಲ ಮೇಲೆ ಕೂತು ಕಾಲಿನಿಂದ ನೀರು ಅಲುಗಿಸುತ್ತಿದ್ದರು.

ಹೊಸ ನೀರು ತುಂಬಿಸಬಾರದೆಂಬ ತಮ್ಮ ಕಟ್ಟಪ್ಪಣೆಯಿಂದ ಈಗ ಸೊಂಟದಷ್ಟೇ ಉಳಿದಿದೆ. ಮುಳುಗಲು ಸಾಲದು, ಕಲಿಯಲು ಸಾಕು. ದಯವಿಟ್ಟು ಟ್ಯಾಂಕರನ್ನು ಶನಿವಾರ ಕಳಿಸಿ. ಒಂದು ಹನಿಯೂ ಆಚೆ ಚೆಲ್ಲದಂತೆ ಕೈಕಾಲು ಬಡಿಯುತ್ತೇನೆ.

ಅಪ್ಪನನ್ನು ನಾನಿನ್ನೂ ಕೇಳಿಲ್ಲ. ಒಪ್ಪುವುದಾದರೆ ಉತ್ತರವನ್ನು ನನ್ನ ಕೈಗೇ ಕೊಡಿಸಿ. ಒಪ್ಪದಿದ್ದರೆ ಈ ಸುದ್ದಿ ಅವರ ಕಿವಿಗೆ ಬೀಳುವುದು ಬೇಡ. ಕೊಳ ಬರಿದಾಗುವ ಹೊತ್ತಿಗೆ ಕಲಿಸುವ ಆಸೆ ಅವರಿಗೆ ಮತ್ತೆ ಹುಟ್ಟೀತು.

ಇತಿ,
ಸದ್ಯಕ್ಕೆ ದಡದಲ್ಲೇ ಇರುವ,
ಮೇಷ್ಟರ ಮಗಳು